25,000 ರೂಪಾಯಿಯಲ್ಲಿ ಜಿಪಿಎಸ್ ಇಲ್ಲದೆ ತಾನೇ ಹಾರುವ ಡ್ರೋನ್: ರಾಯಚೂರು ತಂಡದ ಪ್ರಶ್ನೆ

ರಾಯಚೂರು ಇಸಿ ತಂಡ

ಎಲ್ಲರಿಗೂ ನಮಸ್ಕಾರ. ನಾವು ರಾಯಚೂರಿನಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿರುವ ನಾಲ್ವರು. ಮೂವರು ಎಲೆಕ್ಟ್ರಾನಿಕ್ಸ್ ಹುಡುಗಿಯರು, ಒಬ್ಬ ಮೆಕ್ಯಾನಿಕಲ್. ಕಾಲೇಜುಗಳ ನಡುವಿನ ರೋಬೋಟಿಕ್ಸ್ ಸ್ಪರ್ಧೆಗೆ ಡ್ರೋನ್ ಮಾಡುತ್ತಿದ್ದೇವೆ. ಸ್ಪರ್ಧೆ ನಡೆಯುವುದು ಸಭಾಂಗಣದ ಒಳಗೆ. ಜಿಪಿಎಸ್ ಬಳಸುವ ಹಾಗಿಲ್ಲ. ಡ್ರೋನ್ ತಾನೇ ಮೇಲೇಳಬೇಕು, ಎರಡು ಮೀಟರ್ ಎತ್ತರದಲ್ಲಿ ಸುತ್ತಬೇಕು, ನೆಲಕ್ಕೆ ಅಂಟಿಸಿದ ಅರೂಕೊ ಗುರುತುಗಳಲ್ಲಿ (ನಂಬರ್ ಅಡಗಿರುವ, ಕ್ಯೂಆರ್ ಕೋಡ್ ಥರದ ಕಪ್ಪು ಬಿಳುಪು ಚೌಕಗಳು) ತೀರ್ಪುಗಾರರು ಹೇಳಿದ ನಂಬರನ್ನು ಹುಡುಕಿ ಅದರ ಮೇಲೆ ಇಳಿಯಬೇಕು. ರಿಮೋಟ್ ಕೈಯಲ್ಲಿ ಹಿಡಿಯಬಹುದು, ಆದರೆ ಬಳಸಿದರೆ ಅಂಕ ಹೋಗುತ್ತದೆ.

ನಮ್ಮ ಹತ್ತಿರ ಇರುವ ಹಣ 25,000. ಸೀನಿಯರ್‌ಗಳು ಬಿಟ್ಟು ಹೋದ ಎಫ್450 ಫ್ರೇಮ್, ಎ2212 ಮೋಟರ್‌ಗಳು, ಮೋಟರ್ ವೇಗ ಹಿಡಿತದಲ್ಲಿಡುವ 30 ಆಂಪಿಯರ್ ಇಎಸ್‌ಸಿಗಳು, ಹಾರಾಟ ನಿಯಂತ್ರಿಸುವ ಒಂದು ಹಳೆಯ ಎಪಿಎಂ 2.8 ಬೋರ್ಡ್ ಇವೆ. ಫ್ಲೈಸ್ಕೈ ರಿಮೋಟ್ ಲ್ಯಾಬ್‌ನಿಂದ ಸಿಗುತ್ತದೆ. ಇಷ್ಟರಲ್ಲೇ ಹಾರಿಸಿ ನೋಡಿದೆವು. ಎತ್ತರ ಹಿಡಿಯುತ್ತದೆ, ಆದರೆ ಅಡ್ಡಡ್ಡ ಜಾರಿ ಗೋಡೆ ಕಡೆ ಹೋಗುತ್ತದೆ. ಈಗ ತಂಡದಲ್ಲಿ ಎರಡು ಮಾತು ಇದೆ. ಒಬ್ಬರು ಪಿಕ್ಸ್‌ಹಾಕ್ ಅನ್ನುವ ಹೊಸ ಹಾರಾಟ ಬೋರ್ಡ್ ತೆಗೆದುಕೊಳ್ಳೋಣ ಅನ್ನುತ್ತಾರೆ. ಇನ್ನೊಬ್ಬರು ಜೆಟ್ಸನ್ ಅನ್ನುವ ಸಣ್ಣ, ಜೋರು ಕಂಪ್ಯೂಟರ್ ಇಲ್ಲದೆ ಕ್ಯಾಮೆರಾ ಕೆಲಸ ಆಗುವುದೇ ಇಲ್ಲ ಅನ್ನುತ್ತಾರೆ. ಎರಡೂ ತೆಗೆದುಕೊಂಡರೆ ಬ್ಯಾಟರಿಗೆ ದುಡ್ಡಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಬಳ್ಳಾರಿ ಲ್ಯಾಬ್

ನೋಡಿ ತಂಗಿ, ಎರಡೂ ಬೇಡ. ನಿಮ್ಮ ಡ್ರೋನ್‌ಗೆ ಸದ್ಯ ಇಲ್ಲದಿರುವುದು ಬುದ್ಧಿ ಅಲ್ಲ, ನೆಲ ನೋಡುವ ಕಣ್ಣು. ಮೊದಲ ಹಣ ಅದಕ್ಕೆ ಹೋಗಬೇಕು.

ಯಾಕೆ ಜಾರುತ್ತದೆ ಅಂತ ಹೇಳುತ್ತೇನೆ. ಬೋರ್ಡ್‌ನಲ್ಲಿರುವ ಜೈರೊ ಮತ್ತು ಆಕ್ಸಿಲರೋಮೀಟರ್ ಡ್ರೋನ್ ಎಷ್ಟು ವಾಲಿದೆ ಅಂತ ಹೇಳುತ್ತವೆ. ಬ್ಯಾರೋಮೀಟರ್ ಎತ್ತರ ಹೇಳುತ್ತದೆ. ನೆಲದ ಮೇಲೆ ಯಾವ ಕಡೆ ಸರಿಯುತ್ತಿದ್ದೇನೆ ಅಂತ ಹೇಳುವವರು ಯಾರೂ ಇಲ್ಲ. ಹೊರಗೆ ಜಿಪಿಎಸ್ ಆ ಕೆಲಸ ಮಾಡುತ್ತದೆ. ಒಳಗೆ ಫ್ಯಾನ್ ಗಾಳಿ ಬಡಿದರೂ, ಒಂದು ಮೋಟರ್ ಸ್ವಲ್ಪ ಬಿಗಿ ಇದ್ದರೂ ಡ್ರೋನ್ ತೇಲಿಕೊಂಡು ಹೋಗುತ್ತದೆ. ಆಕ್ಸಿಲರೋಮೀಟರ್ ಲೆಕ್ಕವನ್ನೇ ಕೂಡಿಸುತ್ತಾ ಹೋಗಿ ಜಾಗ ತಿಳಿಯೋಣ ಅಂದರೆ ಆಗುವುದಿಲ್ಲ. ಸಣ್ಣ ತಪ್ಪು ಕೆಲವೇ ಸೆಕೆಂಡಿನಲ್ಲಿ ಮೀಟರ್‌ಗಟ್ಟಲೆ ಬೆಳೆಯುತ್ತದೆ.

ಅದಕ್ಕೆ ಆಪ್ಟಿಕಲ್ ಫ್ಲೋ ಸೆನ್ಸರ್ ಬೇಕು. ಕೆಳಗೆ ನೋಡುವ ಪುಟ್ಟ ಕ್ಯಾಮೆರಾ ಅದು. ಕಂಪ್ಯೂಟರ್ ಮೌಸ್ ಮೇಜನ್ನು ನೋಡುವ ಹಾಗೆ ನೆಲ ನೋಡುತ್ತದೆ. ಜೊತೆಗೆ ಎತ್ತರ ಅಳೆಯುವ ಲೇಸರ್ ಬೇಕೇ ಬೇಕು, ಯಾಕೆಂದರೆ ಚಿತ್ರ ಎಷ್ಟು ಕೋನ ಸರಿಯಿತು ಅನ್ನುವುದನ್ನು ವೇಗ ಮಾಡಲು ಎತ್ತರ ಗೊತ್ತಿರಬೇಕು. ಎಂಟಿಎಫ್-01 ಅನ್ನುವ ಸಣ್ಣ ಬೋರ್ಡ್‌ನಲ್ಲಿ ಎರಡೂ ಒಟ್ಟಿಗೆ ಇವೆ. ಬಿಡಿಯಾಗಿ ಪಿಎಂಡಬ್ಲ್ಯು3901 ಫ್ಲೋ ಸೆನ್ಸರ್ ಮತ್ತು ಟಿಎಫ್‌ಮಿನಿ ಲೇಸರ್ ತೆಗೆದುಕೊಂಡು ಜೋಡಿಸಲೂಬಹುದು.

ಎಪಿಎಂ 2.8 ಪಕ್ಕಕ್ಕಿಡಿ. ಅದು 8 ಬಿಟ್ ಚಿಪ್. ಡ್ರೋನ್ ಹಾರಿಸುವ ಉಚಿತ ಸಾಫ್ಟ್‌ವೇರ್ ಆರ್ಡುಪೈಲಟ್‌ನ ಕಾಪ್ಟರ್ ಆವೃತ್ತಿ, ಅಂದರೆ ಆರ್ಡುಕಾಪ್ಟರ್, ಅದಕ್ಕೆ 3.2.1ರಲ್ಲೇ ನಿಂತಿತು. ಈಗಿನ ಇಕೆಎಫ್ (ಎಲ್ಲ ಸೆನ್ಸರ್‌ಗಳ ಮಾತು ಕೂಡಿಸಿ ಡ್ರೋನ್ ಎಲ್ಲಿದೆ ಅಂತ ಅಂದಾಜು ಮಾಡುವ ಲೆಕ್ಕ), ಫ್ಲೋ ಯಾವುದೂ ಅದರಲ್ಲಿ ಸರಿಯಾಗಿ ಬರುವುದಿಲ್ಲ. ಅದರ ಬದಲು ಎಫ್405 ಚಿಪ್ ಇರುವ ರೇಸಿಂಗ್ ಬೋರ್ಡ್ ತೆಗೆದುಕೊಂಡು ಆರ್ಡುಪೈಲಟ್ ಹಾಕಿ. ಪಿಕ್ಸ್‌ಹಾಕ್‌ನ ಸುಮಾರು ಅರ್ಧ ಬೆಲೆಗೆ ಸಿಗುತ್ತದೆ. ಒಂದು ಮಾತು ನೆನಪಿರಲಿ: ಇವುಗಳಲ್ಲಿ ಫ್ಲ್ಯಾಶ್ 1 ಎಂಬಿ ಮಾತ್ರ. ಸಿದ್ಧ ಫರ್ಮ್‌ವೇರ್‌ನಲ್ಲಿ, ಅಂದರೆ ಬೋರ್ಡ್ ಒಳಗೆ ಹಾಕುವ ಸಾಫ್ಟ್‌ವೇರ್‌ನಲ್ಲಿ, ಕೆಲವು ಸೌಲಭ್ಯ ತೆಗೆದಿರುತ್ತಾರೆ. ಆರ್ಡುಪೈಲಟ್‌ನ ಕಸ್ಟಮ್ ಬಿಲ್ಡ್ ಸರ್ವರ್‌ಗೆ ಹೋಗಿ, ಆಪ್ಟಿಕಲ್ ಫ್ಲೋ ಮತ್ತು ಪ್ರಿಸಿಷನ್ ಲ್ಯಾಂಡಿಂಗ್ ಗುರುತು ಹಾಕಿ, ನಿಮಗೆ ಬೇಕಾದ ಫರ್ಮ್‌ವೇರ್ ಮಾಡಿಸಿಕೊಳ್ಳಿ. ಬೇಡದ್ದನ್ನು ತೆಗೆದರೆ ಜಾಗ ಸಾಕಾಗುತ್ತದೆ. ಅದಕ್ಕೆ ದುಡ್ಡು ಇಲ್ಲ.

ಗಂಗಾವತಿ ಡಿಪ್ಲೊಮಾ

ಸರ್, ನನ್ನದು ಬೇರೆ ಅಭಿಪ್ರಾಯ. ಸಭಾಂಗಣದ ಒಳಗೆ ಎಫ್450 ಯಾಕೆ? ಹತ್ತು ಇಂಚಿನ ರೆಕ್ಕೆ (ಪ್ರೊಪೆಲ್ಲರ್). ಬೆರಳಿಗೆ ತಾಗಿದರೆ ಹೊಲಿಗೆ ಬೀಳುತ್ತದೆ. ಇಎಸ್‌ಪಿ-ಡ್ರೋನ್ ಅಂತ ಇದೆ, ಚಿಪ್ ಕಂಪನಿ ಎಸ್ಪ್ರೆಸಿಫ್‌ನವರದು. ಕ್ರೇಜಿಫ್ಲೈ ಅನ್ನುವ ಪುಟ್ಟ ಡ್ರೋನ್‌ನ ಕೋಡ್ ಆಧಾರದ ಮೇಲೆ ಮಾಡಿದ್ದಾರೆ. ಇಎಸ್‌ಪಿ32 ಚಿಪ್, ಅಂಗೈ ಅಗಲ, ಫ್ಲೋ ಸೆನ್ಸರ್ ಹಾಕಲು ಜಾಗವೂ ಇದೆ. 250 ಗ್ರಾಂ ಒಳಗೆ ಬಂದರೆ ನಿಯಮದಲ್ಲಿ ನ್ಯಾನೊ. ಬಿದ್ದರೂ ಏನೂ ಆಗುವುದಿಲ್ಲ, ಎತ್ತಿ ಮತ್ತೆ ಹಾರಿಸಬಹುದು.

ಬಳ್ಳಾರಿ ಲ್ಯಾಬ್

ಒಳ್ಳೆಯ ಮಾತು ತಮ್ಮಾ. ಕಲಿಯಲು ನಾನೂ ಅದನ್ನೇ ಹೇಳುತ್ತೇನೆ. ಸುರಕ್ಷತೆ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಇವರ ಕೆಲಸ ಗುರುತು ಓದುವುದು. ಅಷ್ಟು ಚಿಕ್ಕ ಡ್ರೋನ್ ಮೇಲೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮತ್ತು ಕ್ಯಾಮೆರಾ ಹೊರಲು ಆಗುವುದಿಲ್ಲ. ಚಿತ್ರವನ್ನು ವೈಫೈನಲ್ಲಿ ಲ್ಯಾಪ್‌ಟಾಪ್‌ಗೆ ಕಳಿಸಬೇಕು. ಸಭಾಂಗಣದಲ್ಲಿ ಎಲ್ಲರ ಜೇಬಿನಲ್ಲೂ ಫೋನ್ ಇರುತ್ತದೆ, ಎಲ್ಲವೂ 2.4 ಗಿಗಾಹರ್ಟ್ಸ್ ಮೇಲೆ ಕೂಗಾಡುತ್ತವೆ. ಚಿತ್ರ ಅರ್ಧ ಸೆಕೆಂಡ್ ತಡವಾಗಿ ಬಂದರೆ ಡ್ರೋನ್ ಗುರುತನ್ನು ದಾಟಿ ಹೋಗಿರುತ್ತದೆ.

ಎಫ್450 ಇವರ ಹತ್ತಿರ ಇದೆ, ಫ್ರೇಮ್‌ನ ಕೈ ಮುರಿದರೆ ಬದಲಿಸಲು ಸುಲಭ, ಹೊರುವ ಶಕ್ತಿಯೂ ಇದೆ. ತೂಕ ಕೂಡಿಸಿ ನೋಡೋಣ. ಫ್ರೇಮ್ ಸುಮಾರು 280 ಗ್ರಾಂ, ಮೋಟರ್ ನಾಲ್ಕು ಸೇರಿ 200, ಇಎಸ್‌ಸಿ 100, ಮೂರು ಸೆಲ್‌ನ 2200 ಎಂಎಎಚ್ ಬ್ಯಾಟರಿ 180, ಬೋರ್ಡ್, ಪೈ, ಕ್ಯಾಮೆರಾ, ಸೆನ್ಸರ್ ಸೇರಿ 100, ರೆಕ್ಕೆ, ವೈರ್, ಗಾರ್ಡ್ ಎಲ್ಲ 200. ಒಟ್ಟು 1.1 ಕಿಲೊ ಹತ್ತಿರ. ಎ2212 1000 ಕೆವಿ (ವೋಲ್ಟ್‌ಗೆ ನಿಮಿಷಕ್ಕೆ 1000 ಸುತ್ತು) ಮೋಟರ್ ಹತ್ತು ಇಂಚಿನ ರೆಕ್ಕೆಯಲ್ಲಿ 800 ಗ್ರಾಂ ಆಸುಪಾಸು ಎತ್ತುತ್ತದೆ. ನಾಲ್ಕು ಸೇರಿದರೆ ತೂಕದ ಎರಡೂವರೆ ಪಟ್ಟಿಗಿಂತ ಜಾಸ್ತಿ. ಎರಡು ಪಟ್ಟು ಇದ್ದರೂ ಸಾಕು. ಸುಮ್ನೆ ನಿಂತು ಹಾರುವಾಗ ಒಟ್ಟು 14 ಆಂಪಿಯರ್ ಎಳೆದರೆ, ಬ್ಯಾಟರಿಯ ಶೇ 80 ಬಳಸಿ ಏಳು ನಿಮಿಷ ಸಿಗುತ್ತದೆ. ನಿಮ್ಮ ಸುತ್ತಾಟಕ್ಕೆ ಅದು ಧಾರಾಳ.

ಇನ್ನೊಂದು. ನಮ್ಮ ಕಡೆ ಬೇಸಿಗೆ ಗಾಳಿ ತೆಳು. ರಾಯಚೂರು ಸಮುದ್ರ ಮಟ್ಟದಿಂದ ಸುಮಾರು 400 ಮೀಟರ್ ಮೇಲಿದೆ. 42 ಡಿಗ್ರಿ ಬಿಸಿಲಲ್ಲಿ ಗಾಳಿಯ ಸಾಂದ್ರತೆ ಪುಸ್ತಕದಲ್ಲಿರುವ ಘನ ಮೀಟರ್‌ಗೆ 1.225 ಕಿಲೊಗಿಂತ ಶೇ 12ರಷ್ಟು ಕಡಿಮೆ ಆಗುತ್ತದೆ. ರೆಕ್ಕೆ ಮೊದಲಿನಷ್ಟೇ ವೇಗದಲ್ಲಿ ತಿರುಗಿದರೂ ಎತ್ತುವ ಶಕ್ತಿ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಅಂಗಡಿಯವರು ಕೊಡುವ ಅಂಕಿಗೆ ತಕ್ಕಷ್ಟೇ ಭಾರ ಹೇರಿ ಕಟ್ಟಿದರೆ ಏಪ್ರಿಲ್‌ನಲ್ಲಿ ಏಳುವುದೇ ಕಷ್ಟ. ಉಳಿಕೆ ಇಟ್ಟುಕೊಂಡೇ ಕಟ್ಟಿ.

ರೆಕ್ಕೆಗೆ ಗಾರ್ಡ್ ಹಾಕದೆ ಒಳಗೆ ಹಾರಿಸಬೇಡಿ. ಮನೆ ವೈರಿಂಗ್‌ಗೆ ಬಳಸುವ ತೆಳು ಪಿವಿಸಿ ಪೈಪನ್ನು ಬಿಸಿ ಮಾಡಿ ಬಗ್ಗಿಸಿದರೆ ಒಳ್ಳೆಯ ಗಾರ್ಡ್ ಆಗುತ್ತದೆ. ಅಭ್ಯಾಸದ ಜಾಗಕ್ಕೆ ಕ್ರಿಕೆಟ್ ನೆಟ್ ಕಟ್ಟಿ. ಅದು ಸಿಗದಿದ್ದರೆ ಮೀನುಗಾರರ ನೈಲಾನ್ ಬಲೆ ಆಗುತ್ತದೆ, ತುಂಗಭದ್ರಾ ದಂಡೆಯ ಊರುಗಳಲ್ಲಿ ಸಿಗುತ್ತದೆ. ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ರೆಕ್ಕೆ ಬಿಚ್ಚಿರಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಕೊಪ್ಪಳ ಪೈಥಾನ್

ನಾನು ಕೊಪ್ಪಳದವಳು, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಕೋಡ್ ಕಡೆಯ ಮಾತು ನಾನು ಹೇಳುತ್ತೇನೆ.

ಜೆಟ್ಸನ್ ಬೇಡ. ಅರೂಕೊ ಓದಲು ನ್ಯೂರಲ್ ನೆಟ್‌ವರ್ಕ್ ಬೇಕಾಗಿಲ್ಲ. ಚಿತ್ರ ಓದುವ ಉಚಿತ ಲೈಬ್ರರಿ ಓಪನ್‌ಸಿವಿಯಲ್ಲಿ ಸಿದ್ಧ ಫಂಕ್ಷನ್ ಇದೆ. ಕಪ್ಪು ಚೌಕ ಹುಡುಕಿ, ಒಳಗಿನ ಕಪ್ಪು ಬಿಳುಪು ಓದುತ್ತದೆ. ರಾಸ್ಪ್‌ಬೆರಿ ಪೈ ಝೀರೊ 2 ಡಬ್ಲ್ಯು ಸಾಕು. ನಾಲ್ಕು ಕೋರ್, 512 ಎಂಬಿ ಮೆಮೊರಿ, ಹತ್ತು ಗ್ರಾಂ ತೂಕ.

ಆದರೆ ಗುರುತು ಎಷ್ಟು ದೊಡ್ಡದು ಅಂತ ಮೊದಲು ಕೇಳಿ. ಲೆಕ್ಕ ಇಲ್ಲಿದೆ. ಪೈ ಕ್ಯಾಮೆರಾ 2ನೇ ಆವೃತ್ತಿ ಅಡ್ಡಕ್ಕೆ 62 ಡಿಗ್ರಿ ನೋಡುತ್ತದೆ. ಎರಡು ಮೀಟರ್ ಮೇಲಿಂದ ನೆಲದ 2.4 ಮೀಟರ್ ಅಗಲ ಕಾಣುತ್ತದೆ. ಚಿತ್ರ 320 ಪಿಕ್ಸೆಲ್ ಅಗಲ ಇದ್ದರೆ, 20 ಸೆಂಟಿಮೀಟರ್ ಗುರುತು 27 ಪಿಕ್ಸೆಲ್ ಆಗುತ್ತದೆ. ಒಳಗೆ 4x4 ಮನೆ ಇರುವ ಗುರುತಿಗೆ ಅಡ್ಡಕ್ಕೆ, ಸುತ್ತಲ ಕಪ್ಪು ಅಂಚು ಸೇರಿ ಆರು ಮನೆ. ಒಂದು ಮನೆಗೆ ನಾಲ್ಕು ಪಿಕ್ಸೆಲ್ ಸಿಕ್ಕಿತು. ಓದಬಹುದು, ಆದರೆ ಸ್ವಲ್ಪ ಅಲುಗಿದರೆ ಹೋಯಿತು. 640 ಪಿಕ್ಸೆಲ್ ಇಟ್ಟರೆ ಎರಡು ಪಟ್ಟು ಸಿಗುತ್ತದೆ. ಪೂರ್ತಿ ಎಚ್‌ಡಿ ಇಟ್ಟರೆ ಪೈ ನಿಧಾನ ಆಗುತ್ತದೆ, ಲಾಭವೂ ಇಲ್ಲ.

ಮಸುಕು ಬರುವುದು ಡ್ರೋನ್ ಮುಂದೆ ಹೋಗುವುದರಿಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾದ ಕಾಟ ವಾಲುವುದರಿಂದ. ಸೆಕೆಂಡಿಗೆ ಅರ್ಧ ಮೀಟರ್ ಹೋಗುವಾಗ ಶಟರ್ ಹತ್ತು ಮಿಲಿಸೆಕೆಂಡ್ ತೆರೆದಿದ್ದರೆ ನೆಲ ಸರಿಯುವುದು ಐದು ಮಿಲಿಮೀಟರ್, ಎರಡು ಪಿಕ್ಸೆಲ್ ಕೂಡ ಇಲ್ಲ. ಅದೇ ಹೊತ್ತಿನಲ್ಲಿ ಡ್ರೋನ್ ಸೆಕೆಂಡಿಗೆ 50 ಡಿಗ್ರಿ ವಾಲಿದರೆ ಐದು ಪಿಕ್ಸೆಲ್ ಸರಿಯುತ್ತದೆ. ಹಾಗಾಗಿ ಶಟರ್ ಸಮಯವನ್ನು ಕೈಯಿಂದ ಕಡಿಮೆ ಮಾಡಿ ಕಟ್ಟಿಹಾಕಿ, ಆಟೊದಲ್ಲಿ ಬಿಡಬೇಡಿ. ಡ್ರೋನ್ ನಿಧಾನವಾಗಿ, ಮೆಲ್ಲಗೆ ತಿರುಗುವಂತೆ ವೇಗದ ಮಿತಿ ಹಾಕಿ.

ಬೋರ್ಡ್ ಜೊತೆ ಮಾತಾಡಲು ಪೈಮ್ಯಾವ್‌ಲಿಂಕ್ ಅನ್ನುವ ಪೈಥಾನ್ ಲೈಬ್ರರಿ ಬಳಸಿ. ಯೂಟ್ಯೂಬ್‌ನ ಹಳೆಯ ಪಾಠಗಳಲ್ಲಿ ಡ್ರೋನ್‌ಕಿಟ್ ಇರುತ್ತದೆ. ಅದನ್ನು ಈಗ ಯಾರೂ ನೋಡಿಕೊಳ್ಳುತ್ತಿಲ್ಲ, ಪೈಥಾನ್ 3.10ರಿಂದ ಮೇಲೆ ಶುರುವಿನಲ್ಲೇ ಎರರ್ ಕೊಡುತ್ತದೆ. ಅದರ ಹಿಂದೆ ರಾತ್ರಿ ಕಳೆಯಬೇಡಿ.

ಗೈಡೆಡ್ ಮೋಡ್‌ನಲ್ಲಿ, ಅಂದರೆ ಪೈ ಹೇಳಿದಂತೆ ಡ್ರೋನ್ ಹಾರುವಾಗ, ವೇಗದ ಆದೇಶ ಒಮ್ಮೆ ಕಳಿಸಿ ಸುಮ್ಮನಾದರೆ ಆಗುವುದಿಲ್ಲ. ಮೂರು ಸೆಕೆಂಡ್ ಹೊಸ ಆದೇಶ ಬರದಿದ್ದರೆ ಆರ್ಡುಪೈಲಟ್ ಡ್ರೋನನ್ನು ನಿಲ್ಲಿಸುತ್ತದೆ. ಇದು ಒಳ್ಳೆಯದೇ, ಪೈ ಸತ್ತರೆ ಡ್ರೋನ್ ಗೋಡೆಗೆ ಹೋಗುವುದಿಲ್ಲ. ನೀವು ಮಾತ್ರ ಆದೇಶವನ್ನು ಮತ್ತೆ ಮತ್ತೆ ಕಳಿಸುತ್ತಿರಬೇಕು.

ಎಲ್ಲವನ್ನೂ ಮೊದಲು ಎಸ್‌ಐಟಿಎಲ್‌ನಲ್ಲಿ ಓಡಿಸಿ. ಅದು ಲ್ಯಾಪ್‌ಟಾಪ್ ಒಳಗೆ ನಿಜವಾದ ಆರ್ಡುಪೈಲಟ್ ಕೋಡನ್ನೇ ಹಾರಿಸುತ್ತದೆ. ರೆಕ್ಕೆ ಮುರಿಯುವುದಿಲ್ಲ, ಬ್ಯಾಟರಿ ಬೇಡ. ಹಾಸ್ಟೆಲ್‌ನಲ್ಲಿ ಕೂತು ಇಡೀ ಸ್ಪರ್ಧೆ ಮಾಡಬಹುದು.

ರಾಯಚೂರು ಇಸಿ ತಂಡ

ಅಕ್ಕ, ಸರ್, ತುಂಬಾ ಥ್ಯಾಂಕ್ಸ್. ಜೆಟ್ಸನ್ ಜಗಳ ಮುಗಿಯಿತು. ನಮ್ಮ ಲೆಕ್ಕ ಹೀಗಿದೆ: ಎಫ್405 ಬೋರ್ಡ್ ಸುಮಾರು 4,500, ಫ್ಲೋ ಸೆನ್ಸರ್ 3,500, ಪೈ, ಕ್ಯಾಮೆರಾ, ಮೆಮೊರಿ ಕಾರ್ಡ್ ಸೇರಿ 3,500, ಎರಡು ಬ್ಯಾಟರಿ 4,000, ಚಾರ್ಜರ್ 1,500, ರೆಕ್ಕೆ ಎಕ್ಸ್‌ಟ್ರಾ ಸೇರಿ 1,200, ಒಂದು ಮೋಟರ್ ಮತ್ತು ಇಎಸ್‌ಸಿ ಮೀಸಲು 1,000, ಬಲೆ, ವೈರ್, ಕನೆಕ್ಟರ್ 1,500. ಒಟ್ಟು 20,700. ಉಳಿದದ್ದು ಮುರಿದಾಗ ಬೇಕಾಗುತ್ತದೆ ಅಂತ ಇಟ್ಟಿದ್ದೇವೆ. ಏನಾದರೂ ಬಿಟ್ಟಿದ್ದೇವಾ?

ಬಳ್ಳಾರಿ ಲ್ಯಾಬ್

ಎರಡು ಬಿಟ್ಟಿದ್ದೀರಿ. ಒಂದು ಕಂಪಾಸ್. ಈ ರೇಸಿಂಗ್ ಬೋರ್ಡ್‌ಗಳಲ್ಲಿ ಅದು ಹೆಚ್ಚಾಗಿ ಇರುವುದಿಲ್ಲ, ಹೊರಗಿಂದ ಹಾಕಬೇಕು, ಬೆಲೆ ಕಡಿಮೆ. ಇನ್ನೊಂದು ಪೈಗೆ ಬೇರೆ 5 ವೋಲ್ಟ್ ಬಿಇಸಿ (ಬ್ಯಾಟರಿ ವೋಲ್ಟೇಜ್ ಇಳಿಸಿ ಕೊಡುವ ಸಣ್ಣ ಸರ್ಕ್ಯೂಟ್), ಮೂರು ಆಂಪಿಯರ್‌ನದು. ಬೋರ್ಡ್‌ನಿಂದಲೇ ಪೈಗೆ ಕರೆಂಟ್ ಕೊಟ್ಟರೆ, ಮೋಟರ್ ಜೋರು ಎಳೆದಾಗ ವೋಲ್ಟೇಜ್ ಕುಸಿದು ಪೈ ರೀಸ್ಟಾರ್ಟ್ ಆಗಬಹುದು. ಹಾರುತ್ತಿರುವಾಗ!

ಸಾಮಾನು ಎಲ್ಲಿಂದ ತರುತ್ತೀರಿ? ನಿಮಗೆ ಬೆಂಗಳೂರಿನ ಎಸ್‌ಪಿ ರೋಡ್‌ಗಿಂತ ಹೈದರಾಬಾದ್ ಹತ್ತಿರ. ಕೋಠಿಯ ಗುಜರಾತಿ ಗಲ್ಲಿಯಲ್ಲಿ ಬಿಇಸಿ, ಕನೆಕ್ಟರ್, ಸಿಲಿಕಾನ್ ವೈರ್ ಎಲ್ಲ ಕೈಯಲ್ಲಿ ಹಿಡಿದು ನೋಡಿ ತರಬಹುದು. ಆನ್‌ಲೈನ್‌ನಲ್ಲಿ ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಹಾಕಿದರೆ ರಸ್ತೆ ಮೇಲೇ ಬರುತ್ತದೆ, ವಿಮಾನದಲ್ಲಿ ಸಾಮಾನ್ಯವಾಗಿ ಕಳಿಸುವುದಿಲ್ಲ. ಬ್ಯಾಟರಿಯನ್ನೇ ಮೊದಲು ಆರ್ಡರ್ ಮಾಡಿ.

ಸಂಡೂರು ಓದುಗ

ಮಧ್ಯದಲ್ಲಿ ಒಂದು ಪ್ರಶ್ನೆ. ನಮ್ಮ ಕಡೆ ಕಬ್ಬಿಣದ ಅದಿರಿನ ಧೂಳು ಎಲ್ಲೆಲ್ಲೂ ಇದೆ. ಅದರಿಂದ ಕಂಪಾಸ್ ಕೆಡುತ್ತದಾ?

ಬಳ್ಳಾರಿ ಲ್ಯಾಬ್

ಸಂಡೂರಿನ ಅದಿರು ಹೆಚ್ಚಾಗಿ ಹೆಮಟೈಟ್. ಅದು ಅಯಸ್ಕಾಂತಕ್ಕೆ ಬಹಳ ಕಡಿಮೆ ಸ್ಪಂದಿಸುತ್ತದೆ. ಮ್ಯಾಗ್ನಟೈಟ್ ಆಗಿದ್ದರೆ ಮಾತು ಬೇರೆ. ಧೂಳಿನ ಕಾಟ ಬೇರೆ ಕಡೆ: ಫ್ಲೋ ಸೆನ್ಸರ್‌ನ ಲೆನ್ಸ್ ಮೇಲೆ ಕೂರುತ್ತದೆ, ಮೋಟರ್ ಬೇರಿಂಗ್ ಒಳಗೆ ಹೋಗುತ್ತದೆ.

ಕಂಪಾಸ್ ಕೆಡಿಸುವುದು ಕಾಂಕ್ರೀಟ್ ಒಳಗಿನ ಕಬ್ಬಿಣದ ಸರಳು ಮತ್ತು ಡ್ರೋನ್‌ನದೇ ಬ್ಯಾಟರಿ ವೈರ್. ಪರೀಕ್ಷೆ ಸುಲಭ. ರೆಕ್ಕೆ ಬಿಚ್ಚಿ. ಡ್ರೋನನ್ನು ಒಂದೇ ದಿಕ್ಕಿಗೆ ಹಿಡಿದು, ನೆಲಕ್ಕೆ ಹತ್ತಿರದಲ್ಲಿ ಹಾಲ್ ತುಂಬಾ ನಡೆಯಿರಿ. ತಿರುಗಿಸದಿದ್ದರೂ ಪರದೆ ಮೇಲೆ ದಿಕ್ಕು ಹೊಯ್ದಾಡಿದರೆ ಅಲ್ಲಿ ಸರಳು ಇದೆ. ಒಂದು ಮೀಟರ್ ಮೇಲೆತ್ತಿ ಮತ್ತೆ ನಡೆಯಿರಿ, ಹೊಯ್ದಾಟ ಕಡಿಮೆಯಾಗುತ್ತದೆ. ಕಂಪಾಸನ್ನು ಸಣ್ಣ ಕಂಬದ ಮೇಲೆ, ವೈರ್‌ಗಳಿಂದ ದೂರ ಇಡಿ.

ಸಿಂಧನೂರು ಸ್ಪ್ರೇಯರ್

ನಾನು ಭತ್ತ, ಹತ್ತಿ ಹೊಲಗಳಿಗೆ ಔಷಧಿ ಹೊಡೆಯುವ ಡ್ರೋನ್ ಓಡಿಸುತ್ತೇನೆ. ಪೈಲಟ್ ಸರ್ಟಿಫಿಕೇಟ್ ಇದೆ. ನಿಮ್ಮ ವಿಷಯಕ್ಕೆ ಹತ್ತಿರದ ಎರಡು ಮಾತು ಹೇಳುತ್ತೇನೆ ತಂಗೀ.

ಮೊದಲನೆಯದು, ಫ್ಲೋ ಸೆನ್ಸರ್ ನೆಲ ನಿಂತಿದೆ ಅಂತ ನಂಬಿಕೊಂಡಿರುತ್ತದೆ. ನೆಲವೇ ಅಲುಗಿದರೆ ಮೋಸ ಹೋಗುತ್ತದೆ. ಭತ್ತದ ಗದ್ದೆ ಮೇಲೆ ರೆಕ್ಕೆ ಗಾಳಿಗೆ ಪೈರು ಅಲೆಯುತ್ತದೆ, ನೀರು ಹೊಳೆಯುತ್ತದೆ. ಅದಕ್ಕೇ ನಮ್ಮ ಡ್ರೋನ್‌ಗಳು ಜಿಪಿಎಸ್ ಮತ್ತು ಎತ್ತರ ನೋಡುವ ರಾಡಾರ್ ಮೇಲೆ ಹೋಗುತ್ತವೆ. ನಿಮ್ಮ ಹಾಲ್‌ನಲ್ಲಿ ನೆಲಕ್ಕೆ ಹಾಸಿದ ಜಮಖಾನ ಅಥವಾ ಬ್ಯಾನರ್ ಸಡಿಲ ಇದ್ದು ಗಾಳಿಗೆ ಎದ್ದರೆ ಇದೇ ಕಥೆ. ಅಂಚುಗಳನ್ನು ಟೇಪ್ ಹಾಕಿ ಬಿಗಿ ಮಾಡಲು ಹೇಳಿ. ಡ್ರೋನ್‌ನ ನೆರಳೂ ಕೂಡ ಮೋಸ ಮಾಡುತ್ತದೆ. ನೆರಳು ಡ್ರೋನ್ ಜೊತೆಗೇ ಬರುವುದರಿಂದ, ಅದನ್ನೇ ನೋಡುತ್ತಿದ್ದರೆ ಸೆನ್ಸರ್‌ಗೆ ಏನೂ ಸರಿಯುತ್ತಿಲ್ಲ ಅನಿಸುತ್ತದೆ. ತಲೆ ಮೇಲೆ ಒಂದೇ ಜೋರು ಲೈಟ್ ಇರುವ ಕಡೆ ಹುಷಾರು.

ಎರಡನೆಯದು ಬ್ಯಾಟರಿ. ನಮ್ಮ ಕಡೆ ಬಿಸಿಲಲ್ಲಿ ಬೈಕ್ ಡಿಕ್ಕಿಯಲ್ಲಿ ಲೈಪೊ ಇಟ್ಟರೆ ಊದಿಕೊಳ್ಳುತ್ತದೆ. ಪೂರ್ತಿ ಚಾರ್ಜ್ ಮಾಡಿ ವಾರಗಟ್ಟಲೆ ಇಡಬೇಡಿ. ಬಳಸದ ದಿನ ಸೆಲ್‌ಗೆ 3.8 ವೋಲ್ಟ್‌ನಲ್ಲಿ ಇಡಿ. ಹಾರಿಸುವಾಗ 3.5ಕ್ಕೆ ಬಂದರೆ ಇಳಿಸಿ. 2200 ಎಂಎಎಚ್‌ಗೆ 2.2 ಆಂಪಿಯರ್‌ಗಿಂತ ಜಾಸ್ತಿ ಚಾರ್ಜ್ ಬೇಡ. ಹಾರಿ ಬಂದ ತಕ್ಷಣ ಬಿಸಿ ಬ್ಯಾಟರಿಗೆ ಚಾರ್ಜರ್ ಹಾಕಬೇಡಿ, ತಣ್ಣಗಾಗಲಿ. ಚಾರ್ಜ್ ಮಾಡುವ ಕಡೆ ಒಂದು ಬಕೆಟ್ ಮರಳು ಇರಲಿ. ಊದಿದ ಬ್ಯಾಟರಿಯನ್ನು ಇನ್ನೊಂದೇ ಸಲ ಅಂತ ಬಳಸಬೇಡಿ.

ತೋರಣಗಲ್ಲು ಪೋಷಕ

ನನ್ನ ಮಗನೂ ಇಂಥದ್ದೇ ಮಾಡಬೇಕು ಅನ್ನುತ್ತಿದ್ದಾನೆ. ಪರವಾನಗಿ ಇಲ್ಲದೆ ಹಾರಿಸಿದರೆ ಪೊಲೀಸರು ಹಿಡಿಯುವುದಿಲ್ಲವಾ? ದಯವಿಟ್ಟು ಇದನ್ನೂ ತಿಳಿಸಿ.

ಸಿಂಧನೂರು ಸ್ಪ್ರೇಯರ್

ಅಣ್ಣಾ, ಇದು ಕೇಳಲೇಬೇಕಾದ ಪ್ರಶ್ನೆ. 2021ರ ಆಗಸ್ಟ್ 25ರಂದು ಡ್ರೋನ್ ನಿಯಮಗಳು ಬಂದವು. ಅದರ ಪ್ರಕಾರ 250 ಗ್ರಾಂವರೆಗೆ ನ್ಯಾನೊ, ಅಲ್ಲಿಂದ 2 ಕಿಲೊವರೆಗೆ ಮೈಕ್ರೊ. ಇವರ 1.1 ಕಿಲೊ ಡ್ರೋನ್ ಮೈಕ್ರೊ. ವ್ಯಾಪಾರಕ್ಕಲ್ಲದೆ ಹಾರಿಸುವ ಮೈಕ್ರೊಗೆ ಪೈಲಟ್ ಸರ್ಟಿಫಿಕೇಟ್ ಬೇಡ. ಸರ್ಕಾರದ ಮಾನ್ಯತೆ ಇರುವ ಶಿಕ್ಷಣ ಸಂಸ್ಥೆಗಳು ಸಂಶೋಧನೆ, ಪರೀಕ್ಷೆಗೆ ಹಾರಿಸಿದರೆ ಟೈಪ್ ಸರ್ಟಿಫಿಕೇಟ್ (ಡ್ರೋನ್ ಮಾದರಿಗೆ ಕೊಡುವ ಮಾನ್ಯತೆ), ಗುರುತಿನ ಸಂಖ್ಯೆ, ಪೈಲಟ್ ಸರ್ಟಿಫಿಕೇಟ್ ಮೂರರಿಂದಲೂ ವಿನಾಯಿತಿ ಇದೆ. ಆದರೆ ಹಸಿರು ವಲಯದಲ್ಲಿ (ಹಾರಿಸಲು ಮೊದಲೇ ಅನುಮತಿ ಬೇಡದ ಜಾಗ), ತಮ್ಮದೇ ಆವರಣದಲ್ಲಿ ಅಥವಾ ತಮ್ಮ ಹಿಡಿತದಲ್ಲಿರುವ ಬಯಲಿನಲ್ಲಿ ಮಾತ್ರ. ಹಾಗಾಗಿ ಮಗನಿಗೆ ಕಾಲೇಜಿನ ಹೆಸರಲ್ಲೇ, ಕಾಲೇಜಿನ ಆವರಣದಲ್ಲೇ ಹಾರಿಸಲು ಹೇಳಿ. ಪ್ರಾಂಶುಪಾಲರಿಂದ ಒಂದು ಪತ್ರ ಇಟ್ಟುಕೊಂಡರೆ ಒಳ್ಳೆಯದು.

ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಬಹುದು. ವಿಮಾನ ನಿಲ್ದಾಣದ ಸುತ್ತ 8ರಿಂದ 12 ಕಿಲೋಮೀಟರ್ ಒಳಗೆ 200 ಅಡಿ ಮಾತ್ರ, ಅದಕ್ಕಿಂತ ಹತ್ತಿರ ಅನುಮತಿ ಬೇಕು. ನಿಮ್ಮ ತೋರಣಗಲ್ಲಿನಲ್ಲೇ ವಿಮಾನ ನಿಲ್ದಾಣ ಇದೆ ಅಲ್ವಾ, ಅಲ್ಲಿ ಹೊರಗೆ ಹಾರಿಸುವ ಮುಂಚೆ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಲೇಬೇಕು. ಶಕ್ತಿನಗರದ ವಿದ್ಯುತ್ ಸ್ಥಾವರ, ತುಂಗಭದ್ರಾ ಡ್ಯಾಂ ಕಡೆಗೂ ಹಾಗೇ ಸುಮ್ನೆ ಹೋಗಿ ಹಾರಿಸಬೇಡಿ. ಪೂರ್ತಿ ಡ್ರೋನನ್ನು ಹೊರದೇಶದಿಂದ ತರಿಸುವುದಕ್ಕೆ 2022ರ ಫೆಬ್ರವರಿಯಿಂದ ನಿಷೇಧ ಇದೆ. ಬಿಡಿಭಾಗಕ್ಕೆ ಇಲ್ಲ.

ರಾಯಚೂರು ಇಸಿ ತಂಡ

ಸಾಮಾನು ಬಂತು, ಕಟ್ಟಿದೆವು. ಈಗ ಹೊಸ ಸಮಸ್ಯೆ. ಲ್ಯಾಬ್‌ನಲ್ಲಿ ಫ್ಲೋ ಹಾಕಿ, ಒಂದೇ ಜಾಗದಲ್ಲಿ ನಿಲ್ಲಿಸುವ ಲಾಯ್ಟರ್ ಮೋಡ್‌ಗೆ ಬಂದರೆ ಡ್ರೋನ್ ನಿಲ್ಲುವ ಬದಲು ಸುತ್ತು ದೊಡ್ಡದು ಮಾಡುತ್ತಾ ಓಡುತ್ತದೆ. ಮೊದಲಿಗಿಂತ ಜೋರು. ಸೆನ್ಸರ್ ಹಾಳಾಗಿದೆಯಾ?

ಬಳ್ಳಾರಿ ಲ್ಯಾಬ್

ಸೆನ್ಸರ್ ಚೆನ್ನಾಗಿಯೇ ಇರಬಹುದು, ಅದನ್ನು ಕೂರಿಸಿದ ದಿಕ್ಕು ನೋಡಿ. ಸೆನ್ಸರ್ 90 ಡಿಗ್ರಿ ತಿರುಗಿ ಕೂತಿದ್ದರೆ, ಬಲಕ್ಕೆ ಜಾರಿದಾಗ ಮುಂದೆ ಜಾರಿದೆ ಅಂತ ಹೇಳುತ್ತದೆ. ಬೋರ್ಡ್ ಅದನ್ನು ಸರಿ ಮಾಡಲು ಹೋಗಿ ಇನ್ನೂ ಕೆಡಿಸುತ್ತದೆ. ಸುತ್ತು ದೊಡ್ಡದಾಗುವುದು ಇದೇ ಲಕ್ಷಣ.

ಹಾರಿಸದೆ ಪರೀಕ್ಷೆ ಮಾಡಿ. ರೆಕ್ಕೆ ಬಿಚ್ಚಿ. ಆರ್ಮ್ ಆಗದೆ, ಅಂದರೆ ಮೋಟರ್ ಚಾಲೂ ಆಗದೆ ಇರುವಾಗಲೂ, ಲಾಗ್ (ಹಾರಾಟದ ದಾಖಲೆ) ಬರೆಯುವ ಸೆಟ್ಟಿಂಗ್ ಆನ್ ಮಾಡಿ. ಬೆಳಕಿರುವ ಕಡೆ, ಒಳ್ಳೆಯ ಚಿತ್ತಾರ ಇರುವ ನೆಲದ ಮೇಲೆ ಎದೆ ಎತ್ತರಕ್ಕೆ ಡ್ರೋನ್ ಹಿಡಿಯಿರಿ. ಎಡಕ್ಕೆ ಬಲಕ್ಕೆ 20 ಡಿಗ್ರಿ ವಾಲಿಸಿ, ಆಮೇಲೆ ಮುಂದೆ ಹಿಂದೆ. ಜಾಗ ಬದಲಾಗಬಾರದು, ಕೋನ ಮಾತ್ರ. ಲಾಗ್‌ನಲ್ಲಿ ಫ್ಲೋ ಸೆನ್ಸರ್ ಹೇಳಿದ ತಿರುಗುವ ವೇಗ ಮತ್ತು ಜೈರೊ ಹೇಳಿದ ವೇಗ ಎರಡು ಗೆರೆ ಇರುತ್ತವೆ. ಅವು ಒಂದರ ಮೇಲೊಂದು ಕೂರಬೇಕು. ತಲೆಕೆಳಗಾಗಿದ್ದರೆ ಅಥವಾ ಒಂದು ದಿಕ್ಕಿಗೆ ವಾಲಿಸಿದ್ದು ಇನ್ನೊಂದು ದಿಕ್ಕಿನ ಗೆರೆಯಲ್ಲಿ ಬಂದರೆ ದಿಕ್ಕು ತಪ್ಪು. ಗೆರೆಯ ಆಕಾರ ಸರಿ ಇದ್ದು ಗೆರೆಯ ಎತ್ತರ ಮಾತ್ರ ಬೇರೆ ಇದ್ದರೆ ಸ್ಕೇಲ್ ಸರಿ ಮಾಡಿ.

ಆಮೇಲೆ ಇಕೆಎಫ್ ಸೋರ್ಸ್, ಅಂದರೆ ಅದು ಯಾವ ಸೆನ್ಸರ್ ಮಾತು ಕೇಳಬೇಕು ಅನ್ನುವ ಸೆಟ್ಟಿಂಗ್, ನೋಡಿ. ಅಡ್ಡ ಜಾಗಕ್ಕೆ 0, ಅಡ್ಡ ವೇಗಕ್ಕೆ 5 ಇರಬೇಕು. 0 ಅಂದರೆ ಯಾವುದೂ ಇಲ್ಲ, 5 ಅಂದರೆ ಆಪ್ಟಿಕಲ್ ಫ್ಲೋ. ಅಲ್ಲಿ ಇನ್ನೂ ಜಿಪಿಎಸ್ ಅಂತಲೇ ಇದ್ದರೆ ಫ್ಲೋ ಹಾಕಿಯೂ ಪ್ರಯೋಜನ ಇಲ್ಲ.

ಎತ್ತರಕ್ಕೆ ಬ್ಯಾರೋಮೀಟರ್ ಒಂದನ್ನೇ ನಂಬಬೇಡಿ. ಒಂದು ಹೆಕ್ಟೊಪಾಸ್ಕಲ್ ಒತ್ತಡ ಬದಲಾದರೆ ಅದಕ್ಕೆ ಸುಮಾರು 9 ಮೀಟರ್ ಎತ್ತರ ಅನಿಸುತ್ತದೆ. ಹಾಲ್‌ನ ಬಾಗಿಲು ಬಡಿದರೂ ಸೂಜಿ ಅಲುಗುತ್ತದೆ. ಅದರ ಮೇಲೆ ಸಣ್ಣ ಸ್ಪಂಜು ಅಂಟಿಸಿ, ನೆಲದ ಹತ್ತಿರ ಲೇಸರ್‌ಗೆ ಬೆಲೆ ಕೊಡಿ.

ರಾಯಚೂರು ಇಸಿ ತಂಡ

ಸರ್, ದಿಕ್ಕೇ ತಪ್ಪಿತ್ತು. ಸರಿ ಮಾಡಿದ ಮೇಲೆ ಲ್ಯಾಬ್‌ನ ಮ್ಯಾಟ್ ಮೇಲೆ ಕಟ್ಟಿಹಾಕಿದ ಹಾಗೆ ನಿಲ್ಲುತ್ತಿದೆ, ಎಲ್ಲರೂ ಕುಣಿದಾಡಿದೆವು! ಆದರೆ ಕಾಲೇಜಿನ ಸಭಾಂಗಣಕ್ಕೆ ತಂದು ಎರಡು ಮೀಟರ್ ಏರಿಸಿದರೆ ಮತ್ತೆ ಜಾರುತ್ತದೆ. ಒಂದು ಮೀಟರ್‌ನಲ್ಲಿ ಪರವಾಗಿಲ್ಲ. ಅಲ್ಲಿನ ನೆಲ ಪಾಲಿಶ್ ಗ್ರಾನೈಟ್.

ಕೊಪ್ಪಳ ಪೈಥಾನ್

ಇದಕ್ಕೆ ಲೆಕ್ಕದಲ್ಲೇ ಉತ್ತರ ಇದೆ. ಪಿಎಂಡಬ್ಲ್ಯು3901 ಸೆನ್ಸರನ್ನೇ ತೆಗೆದುಕೊಳ್ಳಿ. ಅದರ ಕಣ್ಣು 35x35 ಪಿಕ್ಸೆಲ್, ನೋಡುವ ಕೋನ 42 ಡಿಗ್ರಿ. ಎರಡು ಮೀಟರ್ ಮೇಲಿಂದ ಒಂದೂವರೆ ಮೀಟರ್ ನೆಲ ಕಾಣುತ್ತದೆ. ಒಂದು ಪಿಕ್ಸೆಲ್‌ಗೆ 4.4 ಸೆಂಟಿಮೀಟರ್. ಗ್ರಾನೈಟ್ ಚುಕ್ಕೆ ಎಷ್ಟು ದೊಡ್ಡದು? ಅರ್ಧ ಸೆಂಟಿಮೀಟರ್. ಎಲ್ಲ ಕಲೆತು ಒಂದೇ ಬೂದಿ ಬಣ್ಣ ಆಗುತ್ತದೆ. ಮೇಲೆ ಪಾಲಿಶ್ ಬೇರೆ. ಟ್ಯೂಬ್‌ಲೈಟ್‌ನ ಪ್ರತಿಬಿಂಬ ನೆಲಕ್ಕಿಂತ ಬೇರೆ ವೇಗದಲ್ಲಿ ಓಡುತ್ತದೆ.

ಇದು ಬಡ ಡ್ರೋನ್‌ಗಳ ಸಮಸ್ಯೆ ಮಾತ್ರ ಅಲ್ಲ. ಮಂಗಳ ಗ್ರಹದ ಮೇಲೆ ಹಾರಿದ ನಾಸಾದ ಇಂಜೆನ್ಯುಯಿಟಿ ಗೊತ್ತಲ್ಲ? 1.8 ಕಿಲೊ ತೂಕ, 2021ರ ಏಪ್ರಿಲ್ 19ರಂದು ಮೊದಲ ಹಾರಾಟ. ಐದು ಸಲ ಹಾರಲಿ ಅಂತ ಕಳಿಸಿದ್ದು 72 ಸಲ ಹಾರಿತು. ಅಲ್ಲಿ ಜಿಪಿಎಸ್ ಇಲ್ಲ. ಅದೂ ಕೆಳಗೆ ನೋಡುವ ಕಪ್ಪು ಬಿಳುಪು ಕ್ಯಾಮೆರಾ, ಲೇಸರ್ ಎತ್ತರಮಾಪಕ ಮತ್ತು ಜೈರೊಗಳ ಮೇಲೇ ಹಾರಿದ್ದು. 2024ರ ಜನವರಿ 18ರಂದು ಮರಳಿನ ಅಲೆಗಳ ಮೇಲೆ ಏರಿ ಇಳಿಯುವಾಗ ಗುರುತು ಹಿಡಿಯಲು ಸಾಕಷ್ಟು ಸಿಗಲಿಲ್ಲ. ವೇಗದ ಅಂದಾಜು ತಪ್ಪಿ ಜೋರಾಗಿ ಇಳಿಯಿತು, ರೆಕ್ಕೆ ಮುರಿಯಿತು. ನಿಮ್ಮ ಗ್ರಾನೈಟ್ ಮೇಲೂ ಆಗುತ್ತಿರುವುದು ಅದೇ. ಇಸ್ರೋದ ಯು.ಆರ್. ರಾವ್ ಉಪಗ್ರಹ ಕೇಂದ್ರ ವಿದ್ಯಾರ್ಥಿಗಳಿಗೆ 2025ರ ಸ್ಪರ್ಧೆಯಲ್ಲಿ ಜಿಪಿಎಸ್ ಇಲ್ಲದ ಡ್ರೋನನ್ನೇ ವಿಷಯವಾಗಿ ಕೊಟ್ಟದ್ದು ಸುಮ್ಮನೆ ಅಲ್ಲ. ನೀವು ಮಾಡುತ್ತಿರುವ ಕೆಲಸಕ್ಕೆ ಅಷ್ಟು ಬೆಲೆ ಇದೆ.

ಖಚಿತ ಮಾಡಿಕೊಳ್ಳಲು ಒಂದು ಉಪಾಯ. ಮನೆಯಿಂದ ಎರಡು ಮೂರು ಕೌದಿ ತನ್ನಿ. ಬಣ್ಣಬಣ್ಣದ ತುಂಡುಗಳನ್ನು ಹೊಲಿದಿರುತ್ತಾರಲ್ಲ, ಒಂದೊಂದು ತುಂಡು ಗೇಣುದ್ದ. ಅದೇ ಸಭಾಂಗಣದಲ್ಲಿ ಹಾಸಿ ಅಂಚಿಗೆ ಟೇಪ್ ಹಾಕಿ, ಎರಡು ಮೀಟರ್‌ಗೆ ಏರಿಸಿ. ನಿಂತರೆ ದೋಷ ನೆಲದ್ದು. ಆಗಲೂ ಜಾರಿದರೆ ಬೆಳಕು ಅಥವಾ ಕಂಪನ ನೋಡಬೇಕು.

ಬಳ್ಳಾರಿ ಲ್ಯಾಬ್

ಕೌದಿ ಇಲ್ಲದವರಿಗೆ: ನಮ್ಮ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯುನಿಟ್‌ಗಳ ಹತ್ತಿರ ತುಂಡು ಬಟ್ಟೆ ಚೀಲಗಟ್ಟಲೆ ಸಿಗುತ್ತದೆ. ಕಡು ನೀಲಿ, ತಿಳಿ ನೀಲಿ ಬೆರೆಸಿ ನೆಲಕ್ಕೆ ಅಂಟಿಸಿದರೆ ಹೊಳಪೂ ಇಲ್ಲ, ಚಿತ್ತಾರವೂ ಚೆನ್ನಾಗಿರುತ್ತದೆ.

ರಾಯಚೂರು ಇಸಿ ತಂಡ

ಕೌದಿ ಮೇಲೆ ಎರಡು ಮೀಟರ್‌ನಲ್ಲೂ ನಿಂತಿತು! ಅಂದರೆ ನೆಲದ್ದೇ ದೋಷ. ಆದರೆ ಸ್ಪರ್ಧೆಯ ಅಂಗಳಕ್ಕೆ ನಾವು ಏನೂ ಹಾಸುವಂತಿಲ್ಲ. ಏನು ಮಾಡೋಣ?

ಗಂಗಾವತಿ ಡಿಪ್ಲೊಮಾ

ಅಕ್ಕ, ನಿಯಮದಲ್ಲಿ ಎರಡು ಮೀಟರ್ ಅಂತ ಇರುವುದು ಸುತ್ತುವಾಗ ಪೂರ್ತಿ ಇರಬೇಕಾ, ಇಲ್ಲಾ ಗರಿಷ್ಠನಾ? ಗರಿಷ್ಠ ಆದರೆ ಒಂದೂಕಾಲು ಮೀಟರ್‌ನಲ್ಲೇ ಸುತ್ತಿ. ಸಂಘಟಕರಿಗೆ ಬರೆದು ಕೇಳಿ, ನೆಲದ ಫೋಟೊ ಕಳಿಸಲೂ ಹೇಳಿ.

ಕೊಪ್ಪಳ ಪೈಥಾನ್

ಸರಿಯಾದ ಪ್ರಶ್ನೆ. ಇನ್ನೊಂದು ದಾರಿಯೂ ಇದೆ. ಅಂಗಳದಲ್ಲಿ ಇರುವ ಅರೂಕೊ ಗುರುತುಗಳೇ ನಿಮಗೆ ಮೈಲಿಗಲ್ಲು. ಬೇಕಾದ ನಂಬರ್ ಬಂದಾಗ ಮಾತ್ರ ನೋಡುವುದಲ್ಲ, ಕಂಡ ಪ್ರತಿ ಗುರುತನ್ನೂ ಬಳಸಿ. ಒಂದು ಗುರುತು ಕಂಡಾಗ ಅದರಿಂದ ಡ್ರೋನ್ ಎಷ್ಟು ದೂರ, ಯಾವ ಕಡೆ ಅಂತ ಓಪನ್‌ಸಿವಿ ಹೇಳುತ್ತದೆ. ಅದು ಚಿತ್ರದಲ್ಲಿ ಸರಿಯುವುದನ್ನು ನೋಡಿ ಜಾರಿಕೆ ತಡೆಯಿರಿ. ಒಂದರಿಂದ ಇನ್ನೊಂದಕ್ಕೆ ಹೋಗುವ ನಡುವಿನ ಎರಡು ಮೂರು ಮೀಟರ್ ಮಾತ್ರ ಫ್ಲೋ ಮೇಲೆ ಬಿಡಿ. ಅಷ್ಟರಲ್ಲಿ ಜಾರುವುದು ಕಡಿಮೆ.

ಇಳಿಯುವಾಗ ಗುರುತು ಕಣ್ತಪ್ಪಿದರೆ ಗಾಬರಿಯಾಗಿ ಇಳಿಸಿಬಿಡಬೇಡಿ. ಅರ್ಧ ಮೀಟರ್ ಮೇಲೇರಿ ಮತ್ತೆ ನೋಡುವಂತೆ ಕೋಡ್ ಬರೆಯಿರಿ. ನೆಲಕ್ಕೆ ತೀರಾ ಹತ್ತಿರ ಬಂದಾಗ ಗುರುತು ಚೌಕಟ್ಟಿನಿಂದ ಹೊರಗೆ ಹೋಗೇ ಹೋಗುತ್ತದೆ. ಆ ಕೊನೆಯ 30 ಸೆಂಟಿಮೀಟರ್ ನೇರ ಇಳಿಯಲಿ.

ರಾಯಚೂರು ಇಸಿ ತಂಡ

ಉತ್ತರ ಬಂತು. ಎರಡು ಮೀಟರ್ ಅಂದರೆ ಗರಿಷ್ಠ ಅಂತೆ. ನೆಲಕ್ಕೆ ಹಸಿರು ಮ್ಯಾಟ್ ಹಾಸುತ್ತಾರೆ, ಹುಲ್ಲಿನ ಥರ ಇರುವುದು, ಒಂದೇ ಬಣ್ಣ. ಗುರುತು 25 ಸೆಂಟಿಮೀಟರ್, ಎರಡೆರಡು ಮೀಟರ್‌ಗೆ ಒಂದು.

ಬಳ್ಳಾರಿ ಲ್ಯಾಬ್

ಒಳ್ಳೆಯ ಸುದ್ದಿ. ಅಂಥ ಮ್ಯಾಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಉಳಿಸಿಟ್ಟ ಹಣದಲ್ಲಿ ಎರಡು ಬೈ ಮೂರು ಮೀಟರ್ ತುಂಡು ತನ್ನಿ. ಅದರ ಮೇಲೆ 25 ಸೆಂಟಿಮೀಟರ್ ಗುರುತು ಎರಡು ಅಂಟಿಸಿ, ಒಂದೂಕಾಲು ಮೀಟರ್‌ನಲ್ಲಿ ಹಾರಿಸಿ ಲಾಗ್ ತೆಗೆಯಿರಿ. ಲಾಗ್‌ನಲ್ಲಿ ಫ್ಲೋ ಗುಣಮಟ್ಟದ ಅಂಕಿ ಇರುತ್ತದೆ, ಅದು ಕೌದಿ ಮೇಲೆ ಎಷ್ಟಿತ್ತು, ಮ್ಯಾಟ್ ಮೇಲೆ ಎಷ್ಟಿದೆ ಹೋಲಿಸಿ. ಗುರುತುಗಳನ್ನು ಹೊಳೆಯುವ ಕಾಗದದಲ್ಲಿ ಅಥವಾ ಲ್ಯಾಮಿನೇಷನ್ ಮಾಡಿ ಪ್ರಿಂಟ್ ಮಾಡಿಸಬೇಡಿ, ಲೈಟ್ ಬಿದ್ದರೆ ಕಪ್ಪು ಮನೆ ಬಿಳಿಯಾಗಿ ಕಾಣುತ್ತದೆ. ಸುತ್ತ ಬಿಳಿ ಅಂಚು ಕತ್ತರಿಸದೆ ಬಿಡಿ. ಹಸಿರು ಮ್ಯಾಟ್‌ಗೂ ಕಪ್ಪು ಚೌಕಕ್ಕೂ ನಡುವೆ ಬಿಳಿ ಇಲ್ಲದಿದ್ದರೆ ಓಪನ್‌ಸಿವಿಗೆ ಚೌಕದ ಅಂಚೇ ಸಿಗುವುದಿಲ್ಲ. ಲಾಗ್ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.

ರಾಯಚೂರು ಇಸಿ ತಂಡ

ಆಯ್ತು ಸರ್. ನಾಳೆ ಮ್ಯಾಟ್ ತರುತ್ತೇವೆ. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಹಾರಿಸಿ ಲಾಗ್ ಹಾಕುತ್ತೇವೆ.